ಪ್ರಶ್ನೋತ್ತರ: ಸ್ಯಾಂಡ್ ಡಾಲರ್, ಸೀ ಬಿಸ್ಕತ್ತು ಮತ್ತು ಅವುಗಳ ಬಂಧುಬಳಗ

ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ಪ್ರಾಣಿಗುಂಪಿನ ಬಗ್ಗೆ ಇದ್ದವು. ರಜೆಯಲ್ಲಿ ಕಡಲ ತೀರಕ್ಕೆ ಹೋಗಿ ಬಂದವರು ಬರೆದ ಪತ್ರಗಳೇ ಹೆಚ್ಚು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಪುಟಗಳನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ರಾಮೇಶ್ವರಕ್ಕೆ ಹೋದಾಗ ಅಂಗಡಿಯೊಂದರಲ್ಲಿ ಅಂಗೈ ಅಗಲದ, ತೆಳ್ಳನೆಯ ಬಿಳಿ ಬಿಲ್ಲೆಯೊಂದನ್ನು ಕೊಂಡೆವು. ಅದರ ಮೇಲೆ ಐದು ಎಸಳಿನ ಹೂವು ಇದೆ. ನಮ್ಮ ಯಜಮಾನರು ಇದು ಕಪ್ಪೆಚಿಪ್ಪಿನ ಜಾತಿ ಎನ್ನುತ್ತಾರೆ. ಮಗಳು, ಹೂವನ್ನು ಯಂತ್ರದಲ್ಲಿ ಕೊರೆದಿದ್ದಾರೆ ಎನ್ನುತ್ತಾಳೆ. ಫೋಟೊ ಕಳಿಸಿದ್ದೇನೆ, ದಯವಿಟ್ಟು ತಿಳಿಸಿ.
— ಓದುಗರು, ಬಸವನಗುಡಿ

ಉತ್ತರ: ಫೋಟೊದಲ್ಲಿರುವುದು ಸ್ಯಾಂಡ್ ಡಾಲರ್ ಎಂಬ ಪ್ರಾಣಿಯ ಕವಚ. ಹೂವನ್ನು ಯಾರೂ ಕೊರೆದಿಲ್ಲ. ಪ್ರಾಣಿ ಬದುಕಿದ್ದಾಗ ಉಸಿರಾಡುತ್ತಿದ್ದದ್ದು ಆ ಎಸಳುಗಳ ಮೂಲಕವೇ. ಕಪ್ಪೆಚಿಪ್ಪು, ಶಂಖಗಳು ಮೃದ್ವಂಗಿಗಳ ವಂಶಕ್ಕೆ ಸೇರಿದವು. ಸ್ಯಾಂಡ್ ಡಾಲರ್ ಸೇರುವುದು ನಕ್ಷತ್ರ ಮೀನು, ಕಡಲ ಸೌತೆ ಮುಂತಾದವುಗಳಿರುವ ಕಂಟಕಚರ್ಮಿಗಳ ವಂಶಕ್ಕೆ, ಅದರಲ್ಲೂ ಸೀ ಅರ್ಚಿನ್‌ಗಳ ವರ್ಗಕ್ಕೆ. ಬಂಡೆಗಳ ಸಂದಿಯಲ್ಲಿ ಉದ್ದುದ್ದ ಮುಳ್ಳು ಚಾಚಿಕೊಂಡಿರುವ ಗುಂಡನೆಯ ಅರ್ಚಿನ್ನಿಗೂ ಈ ನುಣುಪಾದ ಬಿಲ್ಲೆಗೂ ಏನು ಸಂಬಂಧ ಎಂದು ಅನ್ನಿಸುವುದು ಸಹಜವೇ. ಆದರೆ ನಿಮ್ಮ ಕೈಯಲ್ಲಿರುವ ಕವಚವನ್ನು ಸ್ವಲ್ಪ ಸಾವಧಾನವಾಗಿ ನೋಡಿದರೆ ಆ ಸಂಬಂಧ ಕಣ್ಣಿಗೇ ಕಾಣುತ್ತದೆ.

ಕವಚದ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಗುಳ್ಳೆಗಳಂಥ ಉಬ್ಬುಗಳು ತಾಗುತ್ತವೆ. ಅಲ್ಲಿ ಒಂದೊಂದು ಉಬ್ಬಿನ ಮೇಲೂ ಒಂದೊಂದು ಮುಳ್ಳು ಕೀಲು ಹಾಕಿದಂತೆ ಕುಳಿತಿತ್ತು. ಬದುಕಿರುವ ಸ್ಯಾಂಡ್ ಡಾಲರ್ ಬಿಳಿಯಾಗಿರುವುದಿಲ್ಲ. ಕಂದು, ನೇರಳೆ ಅಥವಾ ಬೂದು ಬಣ್ಣದ, ಮಿಲಿಮೀಟರ್ ಲೆಕ್ಕದ ಮುಳ್ಳುಗಳು ಮೈತುಂಬ ಒತ್ತಾಗಿ ಬೆಳೆದು ಮಖಮಲ್ಲಿನ ಹಾಗೆ ಕಾಣುತ್ತವೆ. ಪ್ರಾಣಿ ಸತ್ತ ಮೇಲೆ ಮುಳ್ಳು ಉದುರಿ, ಚರ್ಮ ಕೊಳೆತು, ಬಿಸಿಲಿಗೂ ಉಪ್ಪುನೀರಿಗೂ ಬಿಳಿಚಿಕೊಂಡ ಕವಚವಷ್ಟೇ ದಡ ಸೇರುತ್ತದೆ. ಇದನ್ನು ಚಿಪ್ಪು ಎನ್ನುವುದಕ್ಕಿಂತ ಅಸ್ಥಿಪಂಜರ ಎನ್ನುವುದೇ ಸರಿ, ಏಕೆಂದರೆ ಶಂಖದ ಹಾಗೆ ಇದು ಮೈಯ ಹೊರಗೆ ಕಟ್ಟಿಕೊಂಡ ಮನೆಯಲ್ಲ. ತೆಳುವಾದ ಜೀವಂತ ಚರ್ಮದ ಒಳಗೆ, ಕ್ಯಾಲ್ಸಿಯಂ ಕಾರ್ಬೊನೇಟಿನ ಫಲಕಗಳು ಒಂದಕ್ಕೊಂದು ಬೆಸೆದುಕೊಂಡು ಆದದ್ದು.

ಈಗ ಅದನ್ನು ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿಯಿರಿ. ಪ್ರತಿ ಎಸಳಿನ ಅಂಚಿನಲ್ಲೂ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಜೋಡಿ ಜೋಡಿಯಾಗಿ ಸಾಲುಗಟ್ಟಿರುವುದು ಕಾಣುತ್ತದೆ. ಒಂದೊಂದು ಜೋಡಿಯ ಮೇಲೂ ತೆಳುಗೋಡೆಯ ಒಂದೊಂದು ನಳಿಕಾಪಾದ, ಅಂದರೆ ಕೊಳವೆಯಂಥ ಮೆತ್ತನೆಯ ಪಾದ, ಇರುತ್ತದೆ. ದೇಹದ ಒಳಗಿನ ದ್ರವ ಒಂದು ರಂಧ್ರದಿಂದ ಆ ಪಾದದೊಳಕ್ಕೆ ಬಂದು, ಹೊರಗಿನ ಸಮುದ್ರದ ನೀರಿನಿಂದ ಆಮ್ಲಜನಕವನ್ನು ಪಡೆದು, ಇನ್ನೊಂದು ರಂಧ್ರದಿಂದ ಒಳಕ್ಕೆ ಮರಳುತ್ತದೆ. ಹೂವಿನ ನಟ್ಟನಡುವೆ ಇರುವ ಫಲಕ ನೀರು ಸೋಸುವ ಜರಡಿ, ಅದರ ಪಕ್ಕದಲ್ಲಿರುವ ನಾಲ್ಕೋ ಐದೋ ತೂತುಗಳು ಅಂಡ ಅಥವಾ ವೀರ್ಯ ಹೊರಬರುವ ದ್ವಾರಗಳು. ಕವಚವನ್ನು ಮಗುಚಿ ಹಾಕಿದರೆ ಕೆಳಭಾಗದ ಮಧ್ಯದಲ್ಲಿ ಬಾಯಿ, ಅಂಚಿನ ಕಡೆಗೆ ಇನ್ನೂ ಸಣ್ಣದೊಂದು ತೂತು, ಅದು ಗುದದ್ವಾರ.

ಗುಂಡನೆಯ ಅರ್ಚಿನ್ನಿಗೆ ಬಾಯಿ ಕೆಳಗೆ, ಗುದ ನೆತ್ತಿಯ ಮೇಲೆ. ಅದಕ್ಕೆ ಹಿಂದು ಮುಂದು ಎಂಬುದಿಲ್ಲ, ಯಾವ ದಿಕ್ಕಿಗಾದರೂ ಹೊರಡಬಲ್ಲದು. ಜುರಾಸಿಕ್ ಯುಗದ ಆರಂಭದಲ್ಲಿ, ಅಂದರೆ ಸುಮಾರು 19 ಕೋಟಿ ವರ್ಷಗಳ ಹಿಂದೆ, ಅರ್ಚಿನ್‌ಗಳ ಒಂದು ಕವಲು ಬಂಡೆ ಬಿಟ್ಟು ಮರಳು ಕೆಸರುಗಳಲ್ಲಿ ಹುದುಗಿ ಬದುಕತೊಡಗಿತು. ಮರಳನ್ನು ಸೀಳಿಕೊಂಡು ಒಂದೇ ದಿಕ್ಕಿಗೆ ಸಾಗುವ ಪ್ರಾಣಿಗೆ ಮುಂಭಾಗ ಹಿಂಭಾಗ ಬೇಕಾದವು, ಗುದ ನೆತ್ತಿಯಿಂದ ಹಿಂದಕ್ಕೆ ಸರಿಯಿತು, ಮುಳ್ಳುಗಳು ಮೋಟಾದವು. ಐದರ ಲೆಕ್ಕದ ಹಳೆಯ ವಿನ್ಯಾಸ ಮಾತ್ರ ಬಿಟ್ಟುಹೋಗಲಿಲ್ಲ. ನಿಮ್ಮ ಬಿಲ್ಲೆಯ ಮೇಲಿನ ಐದು ಎಸಳು ಅದರದೇ ಗುರುತು.

ಪ್ರಶ್ನೆ: ನಾನು ಬಿ.ಎಸ್ಸಿ. ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ನಮ್ಮ ಪಠ್ಯದಲ್ಲಿ ಸ್ಯಾಂಡ್ ಡಾಲರ್ ಮತ್ತು ಸೀ ಬಿಸ್ಕತ್ತು ಎರಡನ್ನೂ ಕ್ಲೈಪಿಯಾಸ್ಟರಾಯ್ಡ ಎಂಬ ಒಂದೇ ಗಣದಲ್ಲಿ ಸೇರಿಸಿದ್ದಾರೆ. ಈಗ ಅವು ಒಂದೇ ಗಣ ಅಲ್ಲ ಎಂದು ನಮ್ಮ ಉಪನ್ಯಾಸಕರು ಹೇಳಿದರು. ಇಷ್ಟು ಹೋಲುವ ಪ್ರಾಣಿಗಳನ್ನು ಬೇರ್ಪಡಿಸಿದ್ದು ಏಕೆ?
— ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ನಿಮ್ಮ ಉಪನ್ಯಾಸಕರು ಹೇಳಿದ್ದು ಸರಿ, ಮತ್ತು ಈ ಬಾರಿಯ ಪ್ರಶ್ನೆಗಳಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ.

ಪಠ್ಯದ ಹಿಂದಿರುವ ತರ್ಕವನ್ನು ಮೊದಲು ನೋಡೋಣ. ಸೀ ಬಿಸ್ಕತ್ತು ಎಂದರೆ ಮುಖ್ಯವಾಗಿ ಕ್ಲೈಪಿಯಾಸ್ಟರ್ ಕುಲದ ಅರ್ಚಿನ್‌ಗಳು. ಇವುಗಳಲ್ಲಿ ಹಲವು ಬೇಕರಿಯ ಬನ್ನಿನಂತೆ ಉಬ್ಬಿರುತ್ತವೆ. ಕವಚ ದಪ್ಪ, ಎಸಳುಗಳೂ ದೊಡ್ಡವು. ಸ್ಯಾಂಡ್ ಡಾಲರ್‌ಗಳು ತೆಳುವಾಗಿ, ಅಂಚು ಹರಿತವಾಗಿರುವಂಥವು. ಗಾತ್ರ, ದಪ್ಪ ಬೇರೆಯಾದರೂ ಎರಡರಲ್ಲೂ ಎದ್ದುಕಾಣುವ ಹೋಲಿಕೆಗಳಿವೆ. ಮರಳಿನಲ್ಲಿ ಬದುಕುವ ಬೇರೆ ಅರ್ಚಿನ್‌ಗಳಲ್ಲಿ ಪ್ರಾಯದ ಹೊತ್ತಿಗೆ ದವಡೆಗಳು ಇಲ್ಲವಾದರೆ, ಇವುಗಳಲ್ಲಿ ಜೀವಮಾನವಿಡೀ ಉಳಿದಿರುತ್ತವೆ. ಉಳಿದ ಅರ್ಚಿನ್‌ಗಳಲ್ಲಿ ಫಲಕಕ್ಕೆ ಒಂದರಂತೆ ನಳಿಕಾಪಾದಗಳಿದ್ದರೆ, ಇವುಗಳಲ್ಲಿ ಅವು ಲೆಕ್ಕವಿಲ್ಲದಷ್ಟು ಹೆಚ್ಚಿವೆ. ಕವಚದ ಮೇಲ್ಗೋಡೆಯನ್ನೂ ಕೆಳಗೋಡೆಯನ್ನೂ ಕೂಡಿಸುವ ಕಂಬಗಳು, ತಡಿಕೆಗಳು ಒಳಗೆ ಇರುತ್ತವೆ. ಇಷ್ಟೆಲ್ಲ ಲಕ್ಷಣಗಳು ಒಟ್ಟಿಗೆ ಎರಡು ಸಲ ಬೇರೆಬೇರೆಯಾಗಿ ಹುಟ್ಟಿಕೊಂಡಿರಲಾರವು, ಒಬ್ಬ ಪೂರ್ವಜನಿಂದಲೇ ಬಂದಿರಬೇಕು ಎಂದು 19ನೇ ಶತಮಾನದಿಂದಲೂ ಪ್ರಾಣಿಶಾಸ್ತ್ರಜ್ಞರು ಇವನ್ನು ಒಂದೇ ಗುಂಪಾಗಿ ಪರಿಗಣಿಸುತ್ತಾ ಬಂದರು.

ಈ ಚಿತ್ರವನ್ನು ಬದಲಿಸಿದ್ದು ಜೀನುಗಳ ಅಧ್ಯಯನ. ಅರ್ಚಿನ್‌ಗಳ ನೂರಾರು ಜೀನುಗಳನ್ನು ಒಟ್ಟಿಗೆ ಹೋಲಿಸಿ 2018ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಯಾರೂ ನಿರೀಕ್ಷಿಸದ ಸಂಬಂಧವೊಂದು ಹೊರಬಿತ್ತು. ಎಕೈನೊಲ್ಯಾಂಪಸ್ ಎಂಬ ಇನ್ನೊಂದು ಅರ್ಚಿನ್ ಇದೆ. ಅದು ಚಪ್ಪಟೆಯಲ್ಲ, ಪ್ರಾಯದಲ್ಲಿ ಅದಕ್ಕೆ ದವಡೆಯೂ ಇಲ್ಲ. ಸ್ಯಾಂಡ್ ಡಾಲರ್‌ಗಳು ಸೀ ಬಿಸ್ಕತ್ತುಗಳಿಗಿಂತ ಈ ಎಕೈನೊಲ್ಯಾಂಪಸ್‌ಗೆ ಹತ್ತಿರದ ಬಂಧುಗಳು ಎಂದು ಜೀನುಗಳು ತೋರಿಸಿದವು. 2022ರಲ್ಲಿ ಇನ್ನಷ್ಟು ಪ್ರಭೇದಗಳನ್ನು ಸೇರಿಸಿಕೊಂಡು ಮಾಡಿದ ಅಧ್ಯಯನದಲ್ಲೂ ಇದೇ ಫಲಿತಾಂಶ ಬಂತು. ಹೀಗಾಗಿ ಈಗಿನ ವರ್ಗೀಕರಣದಲ್ಲಿ ಕ್ಲೈಪಿಯಾಸ್ಟರಾಯ್ಡ ಎಂಬ ಹೆಸರು ಸೀ ಬಿಸ್ಕತ್ತುಗಳ ಕವಲಿಗೆ ಮಾತ್ರ ಉಳಿದಿದ್ದು, ಸ್ಯಾಂಡ್ ಡಾಲರ್‌ಗಳು ಸ್ಕ್ಯುಟೆಲಾಯ್ಡ ಎಂಬ ಬೇರೆ ಗಣಕ್ಕೆ ಸೇರಿವೆ.

ಇದರ ಅರ್ಥವನ್ನು ಎರಡು ಬಗೆಯಲ್ಲಿ ಹೇಳಬಹುದು. ಮೂವರ ಸಮಾನ ಪೂರ್ವಜನಲ್ಲಿ ಪ್ರಾಯದ ದವಡೆ, ಹೆಚ್ಚುವರಿ ಪಾದ, ಒಳಗಂಬ ಎಲ್ಲವೂ ಇದ್ದು, ಎಕೈನೊಲ್ಯಾಂಪಸ್ ಕವಲು ಅವನ್ನು ಕಳೆದುಕೊಂಡಿರಬಹುದು. ಇಲ್ಲವೇ ಎರಡು ಕವಲುಗಳು ಒಂದೇ ಬಗೆಯ ಮರಳಿನ ಬದುಕಿಗೆ ಒಗ್ಗಿಕೊಳ್ಳುತ್ತಾ ಪ್ರತ್ಯೇಕವಾಗಿ ಒಂದೇ ರೂಪವನ್ನು ತಲುಪಿರಬಹುದು. ಎಕೈನೊಲ್ಯಾಂಪಸ್‌ನ ಬಂಧುಗಳಲ್ಲಿ ಮರಿಯಾಗಿದ್ದಾಗ ದವಡೆ ಇದ್ದು ಆಮೇಲೆ ಮಾಯವಾಗುತ್ತದೆ. ಮರಿಯ ಆ ದವಡೆಯನ್ನು ಪ್ರಾಯದಲ್ಲೂ ಉಳಿಸಿಕೊಳ್ಳುವುದು ಹೊಸದಾಗಿ ಅಂಗವೊಂದನ್ನು ಕಟ್ಟುವಷ್ಟು ದೊಡ್ಡ ಹೆಜ್ಜೆಯಲ್ಲ ಎಂಬುದನ್ನು ನೆನೆದರೆ, ಎರಡನೆಯ ವಿವರಣೆಯನ್ನು ಸುಲಭವಾಗಿ ತಳ್ಳಿಹಾಕಲಾಗದು.

ಹೊರ ಆಕಾರವನ್ನು ನಂಬಿದರೆ ಎಷ್ಟು ದಾರಿ ತಪ್ಪುತ್ತೇವೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅರಾಕ್ನಾಯ್ಡಿಸ್ ಎಂಬುದು ಹಿಂದೂ ಮಹಾಸಾಗರದ ಪೂರ್ವಭಾಗದಿಂದ ಪೆಸಿಫಿಕ್‌ವರೆಗೆ ಸಿಗುವ, ತೀರ ತೆಳುವಾದ ಅರ್ಚಿನ್. ಕೈಗೆ ಕೊಟ್ಟರೆ ಯಾರೇ ಆದರೂ ಸ್ಯಾಂಡ್ ಡಾಲರ್ ಎಂದೇ ಹೇಳುತ್ತಾರೆ. ಆದರೆ ಅದು ಸೇರುವುದು ಸೀ ಬಿಸ್ಕತ್ತುಗಳ ಕುಟುಂಬಕ್ಕೆ. ಅದಕ್ಕೆ ತದ್ವಿರುದ್ಧವಾಗಿ, ನಮ್ಮ ಮನ್ನಾರ್ ಕೊಲ್ಲಿಯಲ್ಲೂ ಸಿಗುವ ಲಗಾನಮ್ ಅಂಚು ದಪ್ಪಗಿರುವ, ನೋಡಲು ಬಿಸ್ಕತ್ತಿನಂಥ ಪ್ರಾಣಿ. ಅದು ಸ್ಯಾಂಡ್ ಡಾಲರ್‌ಗಳ ಗಣದ್ದು. ಕೆಲವೇ ಮಿಲಿಮೀಟರ್ ಉದ್ದದ ಎಕೈನೊಸಯಾಮಸ್ ಕೂಡ ಇದೇ ಗಣದ್ದು.

ಕಾಲದ ಲೆಕ್ಕವೂ ಈಗ ಮರುಪರಿಶೀಲನೆಗೆ ಬಂದಿದೆ. ಈ ಗುಂಪಿನ ಅತ್ಯಂತ ಹಳೆಯ ಪಳೆಯುಳಿಕೆ ಎಂದು ಬಹುಕಾಲ ಒಪ್ಪಿಕೊಂಡದ್ದು ಪಶ್ಚಿಮ ಆಫ್ರಿಕದ ಟೋಗೊ ದೇಶದ ಪ್ಯಾಲಿಯೊಸೀನ್ ಶಿಲೆಗಳಲ್ಲಿ ಸಿಕ್ಕಿದ ಟೋಗೊಸಯಾಮಸ್ ಎಂಬ ಪುಟ್ಟ ಅರ್ಚಿನ್. ಅಂದರೆ ಡೈನೊಸಾರ್‌ಗಳು ಅಳಿದ ಮೇಲಿನದು. ಜೀನುಗಳ ಆಧಾರದ ಲೆಕ್ಕ ಮಾತ್ರ ಈ ಕವಲುಗಳು ಕ್ರಿಟೇಶಿಯಸ್ ಯುಗದಲ್ಲೇ, ಡೈನೊಸಾರ್‌ಗಳು ಇದ್ದ ಕಾಲದಲ್ಲೇ ಹುಟ್ಟಿದ್ದವು ಎನ್ನುತ್ತದೆ. ಪರೀಕ್ಷೆಯಲ್ಲಿ ನೀವು ಪಠ್ಯದ ವರ್ಗೀಕರಣವನ್ನು ಬರೆದು, ಹೊಸ ವರ್ಗೀಕರಣವನ್ನು ಕಾರಣಸಹಿತ ಒಂದೆರಡು ವಾಕ್ಯಗಳಲ್ಲಿ ಸೇರಿಸುವುದು ಒಳ್ಳೆಯದು.

ಪ್ರಶ್ನೆ: ಮನೆಯಲ್ಲಿರುವ ಸ್ಯಾಂಡ್ ಡಾಲರನ್ನು ಅಲುಗಾಡಿಸಿದರೆ ಒಳಗೆ ಏನೋ ಸದ್ದಾಗುತ್ತದೆ. ಅದು ಮರಳೇ? ಅಲ್ಲದೆ ಈ ಪ್ರಾಣಿ ಮರಳಿನೊಳಗೆ ತಿನ್ನುವುದಾದರೂ ಏನನ್ನು?
— ನಿವೃತ್ತ ಶಿಕ್ಷಕರು, ವಿಜಯನಗರ

ಉತ್ತರ: ಮರಳೂ ಇರಬಹುದು, ಆದರೆ ಸದ್ದು ಸಾಮಾನ್ಯವಾಗಿ ಕಳಚಿಬಿದ್ದ ದವಡೆಗಳದು. ಸೀ ಅರ್ಚಿನ್‌ಗಳ ಬಾಯಲ್ಲಿ ಐದು ದವಡೆ, ಐದು ಹಲ್ಲುಗಳ ಒಂದು ಜೋಡಣೆ ಇರುತ್ತದೆ. ಗ್ರೀಸಿನ ಅರಿಸ್ಟಾಟಲ್ ಇದನ್ನು ತನ್ನ ಪ್ರಾಣಿಶಾಸ್ತ್ರದ ಬರಹದಲ್ಲಿ ಲಾಂದ್ರಕ್ಕೆ ಹೋಲಿಸಿದ್ದರಿಂದ ಇಂದಿಗೂ ಇದಕ್ಕೆ ಅರಿಸ್ಟಾಟಲನ ಲಾಂದ್ರ ಎಂದೇ ಹೆಸರು. ಬಂಡೆಯ ಮೇಲಿನ ಅರ್ಚಿನ್ನಿನಲ್ಲಿ ಈ ಲಾಂದ್ರ ಎತ್ತರವಾಗಿದ್ದು, ಹಲ್ಲುಗಳು ಬಾಯಿಂದ ಹೊರಚಾಚಿ ಪಾಚಿಯನ್ನು ಕೆರೆಯುತ್ತವೆ. ಸ್ಯಾಂಡ್ ಡಾಲರಿನ ಒಳಗೆ ಅಷ್ಟು ಎತ್ತರಕ್ಕೆ ಜಾಗವಿಲ್ಲ. ಹಾಗಾಗಿ ಅದರ ಲಾಂದ್ರ ಅಡ್ಡಡ್ಡಲಾಗಿ ಹರಡಿ, ಪ್ರತಿ ದವಡೆಗೂ ಎರಡು ಅಗಲವಾದ ರೆಕ್ಕೆಗಳಿವೆ. ಪ್ರಾಣಿ ಸತ್ತು ಸ್ನಾಯು ಕೊಳೆತ ಮೇಲೆ ಈ ಐದೂ ತುಂಡುಗಳು ಬಿಡಿಯಾಗುತ್ತವೆ. ಒಂದೊಂದೂ ರೆಕ್ಕೆ ಬಿಚ್ಚಿದ ಹಕ್ಕಿಯ ಆಕಾರದಲ್ಲಿರುವುದರಿಂದ ಅಮೆರಿಕದ ಕಡಲ ತೀರದ ಅಂಗಡಿಗಳಲ್ಲಿ ಅವನ್ನು ಪಾರಿವಾಳಗಳೆಂದು ಮಾರುತ್ತಾರೆ.

ಈ ದವಡೆಗಳ ಕೆಲಸ ಕೆರೆಯುವುದಲ್ಲ, ಅರೆಯುವುದು. ಆಹಾರ ಎಂದರೆ ಮರಳಿನ ಕಣಗಳಿಗೆ ಅಂಟಿಕೊಂಡ ಡಯಾಟಮ್‌ಗಳಂಥ ಸೂಕ್ಷ್ಮ ಪಾಚಿಗಳು ಮತ್ತು ಕೊಳೆತ ಜೈವಿಕ ಪದಾರ್ಥ. ಅದು ಬಾಯಿಗೆ ತಲುಪುವುದು ಹೇಗೆ ಎಂಬ ಬಗ್ಗೆ ಒಂದು ಕಾಲದಲ್ಲಿ ಇದ್ದ ವಿವರಣೆ ಹೀಗಿತ್ತು: ಮೇಲ್ಮೈಯ ಮುಳ್ಳುಗಳೇ ಜರಡಿ, ದೊಡ್ಡ ಮರಳುಕಣಗಳು ಮುಳ್ಳಿನ ತುದಿಯ ಮೇಲೆಯೇ ಜಾರಿಹೋಗುತ್ತವೆ, ನುಣ್ಣನೆಯ ಕಣಗಳು ಮುಳ್ಳುಗಳ ನಡುವೆ ಬಿದ್ದು, ಅತಿಸೂಕ್ಷ್ಮ ರೋಮಗಳು ಎಬ್ಬಿಸುವ ಪ್ರವಾಹದಲ್ಲಿ ಅಂಚನ್ನು ದಾಟಿ ಬಾಯಿಗೆ ಬರುತ್ತವೆ. ಕೆರಿಬಿಯನ್ ಸಮುದ್ರದ ಆರು ತೂತಿನ ಸ್ಯಾಂಡ್ ಡಾಲರನ್ನು ಹತ್ತಿರದಿಂದ ಗಮನಿಸಿದ ಮ್ಯಾಲ್ಕಮ್ ಟೆಲ್ಫರ್ಡ್, ರಿಚ್ ಮೂಯಿ ಮತ್ತು ಓಲಾಫ್ ಎಲರ್ಸ್ 1985ರಲ್ಲಿ ಇದನ್ನು ಅಲ್ಲಗಳೆದರು. ಕೆಳಭಾಗದ ನಳಿಕಾಪಾದಗಳು ತಾವೇ ಕಣಗಳನ್ನು ಹೆಕ್ಕಿ, ಪಾದದಿಂದ ಪಾದಕ್ಕೆ ದಾಟಿಸುತ್ತಾ, ಬಾಯಿಯತ್ತ ಹರಿಯುವ ಆಹಾರದ ಕಾಲುವೆಗಳಿಗೆ ಸೇರಿಸುತ್ತವೆ ಎಂದು ತೋರಿಸಿದರು. ಕವಚದ ತಳದಲ್ಲಿ ಬಾಯಿಂದ ಅಂಚಿನತ್ತ ಕವಲೊಡೆದು ಹೋಗುವ ಸಣ್ಣ ಗೀರುಗಳನ್ನು ನೀವು ನೋಡಿರಬಹುದು. ಅವೇ ಆ ಕಾಲುವೆಗಳು.

ಉತ್ತರ ಅಮೆರಿಕದ ಪೆಸಿಫಿಕ್ ತೀರದ ಡೆಂಡ್ರಾಸ್ಟರ್ ಎಂಬ ಸ್ಯಾಂಡ್ ಡಾಲರಿನ ಕ್ರಮ ಇದಕ್ಕಿಂತ ಬೇರೆ. ನೀರು ಶಾಂತವಾಗಿ ಹರಿಯುವಾಗ ಅದು ಮೈಯ ಒಂದು ಭಾಗವನ್ನಷ್ಟೇ ಮರಳಿನಲ್ಲಿ ಹೂತು, ಅಂಚಿನ ಮೇಲೆ ನೆಟ್ಟಗೆ ನಿಂತು, ಹರಿವಿನಲ್ಲಿ ತೇಲಿಬರುವ ಆಹಾರವನ್ನು ಹಿಡಿಯುತ್ತದೆ. ಚದರ ಮೀಟರಿಗೆ ನೂರಾರು ಪ್ರಾಣಿಗಳು ಹೀಗೆ ಸಾಲಾಗಿ ನಿಂತಿರುವುದುಂಟು. ಅವನ್ನು ತಿನ್ನುವ ನಕ್ಷತ್ರ ಮೀನು ಹತ್ತಿರ ಬಂದರೆ ಎಲ್ಲವೂ ಮರಳಿನಲ್ಲಿ ಹುದುಗಿಕೊಳ್ಳುತ್ತವೆ.

ಪ್ರಶ್ನೆ: ಕೆಲವು ಸ್ಯಾಂಡ್ ಡಾಲರ್‌ಗಳಲ್ಲಿ ಉದ್ದನೆಯ ತೂತುಗಳು ಇರುವುದು ಏಕೆ? ಅವು ಒಡೆದುಹೋದದ್ದೇ?
— ಓದುಗರು, ಯಲಹಂಕ

ಉತ್ತರ: ಒಡೆದದ್ದಲ್ಲ, ಬೆಳೆಯುತ್ತಲೇ ಮೂಡಿದ್ದು. ನಮ್ಮ ಸಮುದ್ರಗಳ ಎಕೈನೊಡಿಸ್ಕಸ್ ಗುಂಪಿನಲ್ಲಿ ಇದನ್ನು ಚೆನ್ನಾಗಿ ನೋಡಬಹುದು: ಬಿಸ್‌ಪರ್ಫೊರೇಟಸ್ ಪ್ರಭೇದದಲ್ಲಿ ಹಿಂಭಾಗದ ಎರಡು ಸೀಳುಗಳು ಕವಚದೊಳಗೇ ಮುಚ್ಚಿಕೊಂಡಿರುತ್ತವೆ, ಔರಿಟಸ್ ಪ್ರಭೇದದಲ್ಲಿ ಅವೇ ಸೀಳುಗಳು ಅಂಚಿನವರೆಗೂ ತೆರೆದಿರುತ್ತವೆ. ತೆಳುವಾದ ಬಿಲ್ಲೆಯ ಮೇಲೆ ನೀರು ರಭಸವಾಗಿ ಹರಿದಾಗ ಮೇಲಿನ ಒತ್ತಡ ಕಡಿಮೆಯಾಗಿ, ಪ್ರಾಣಿ ಮೇಲೆದ್ದು ಅಲೆಯ ಪಾಲಾಗುವ ಅಪಾಯವಿದೆ. ತೂತುಗಳಿದ್ದರೆ ತಳದ ನೀರು ಮೇಲಕ್ಕೆ ನುಗ್ಗಿ ಆ ಎತ್ತುವ ಬಲ ತಗ್ಗುತ್ತದೆ. 1980ರ ದಶಕದಲ್ಲಿ ಹರಿವ ನೀರಿನಲ್ಲಿ ಕವಚಗಳನ್ನಿಟ್ಟು ಟೆಲ್ಫರ್ಡ್ ಇದನ್ನು ಪರೀಕ್ಷಿಸಿದ್ದರು. ಮೇಲ್ಭಾಗದ ಕಣಗಳು ಇಡೀ ಅಂಚನ್ನು ಸುತ್ತದೆ ತಳಕ್ಕೆ ಬರಲು ತೂತು ಹತ್ತಿರದ ದಾರಿಯಾಗುತ್ತದೆ ಎಂಬ ವಿವರಣೆಯೂ ಇದೆ. ಎರಡೂ ಒಟ್ಟಿಗೆ ನಿಜವಾಗಲು ಅಡ್ಡಿಯೇನಿಲ್ಲ.

ಪ್ರಶ್ನೆ: ಸ್ಯಾಂಡ್ ಡಾಲರ್ ಮರಿ ಹಾಕುತ್ತದೆಯೇ, ಮೊಟ್ಟೆ ಇಡುತ್ತದೆಯೇ?
— 8ನೇ ತರಗತಿ ವಿದ್ಯಾರ್ಥಿ, ರಾಜಾಜಿನಗರ

ಉತ್ತರ: ಹೆಣ್ಣು ಅಂಡಗಳನ್ನೂ ಗಂಡು ವೀರ್ಯವನ್ನೂ ನೀರಿಗೆ ಬಿಡುತ್ತವೆ, ಎರಡೂ ಸೇರಿ ಭ್ರೂಣವಾಗುವುದು ನೀರಿನಲ್ಲೇ. ಅದರಿಂದ ಹೊರಬರುವ ಲಾರ್ವಾ ತಾಯಿಯನ್ನು ಸ್ವಲ್ಪವೂ ಹೋಲುವುದಿಲ್ಲ. ಗಾಜಿನಷ್ಟು ಪಾರದರ್ಶಕವಾದ, ತೋಳುಗಳಿರುವ ಆ ಸೂಕ್ಷ್ಮಜೀವಿ ವಾರಗಟ್ಟಲೆ ತೇಲುತ್ತಾ ಬೆಳೆದು, ಸರಿಯಾದ ಮರಳು ಸಿಕ್ಕಿದಾಗ ತಳಕ್ಕಿಳಿದು ಪುಟ್ಟ ಸ್ಯಾಂಡ್ ಡಾಲರ್ ಆಗಿ ಮಾರ್ಪಡುತ್ತದೆ.

ಡೆಂಡ್ರಾಸ್ಟರ್‌ನ ಲಾರ್ವಾಗಳ ಮೇಲೆ ಡಾನ್ ವಾನ್ ಮತ್ತು ರಿಚರ್ಡ್ ಸ್ಟ್ರಾತ್‌ಮನ್ ನಡೆಸಿದ ಪ್ರಯೋಗ ನಿನಗೆ ಖಂಡಿತ ಇಷ್ಟವಾಗುತ್ತದೆ. ಮೀನಿನ ಮೈಯ ಲೋಳೆಯನ್ನು ನೀರಿಗೆ ಸೇರಿಸಿದಾಗ, ಅಂದರೆ ತಿನ್ನುವವರು ಹತ್ತಿರದಲ್ಲಿದ್ದಾರೆ ಎಂಬ ಸುಳಿವು ಸಿಕ್ಕಾಗ, ಲಾರ್ವಾಗಳು ಒಂದೇ ದಿನದೊಳಗೆ ತಮ್ಮನ್ನು ತಾವೇ ವಿಭಜಿಸಿಕೊಂಡು ತದ್ರೂಪಿಗಳನ್ನು ಉಂಟುಮಾಡಿದವು. ಗಾತ್ರ ಕಿರಿದಾದಷ್ಟೂ ಮೀನಿನ ಕಣ್ಣಿಗೆ ಬೀಳುವುದು ಕಡಿಮೆ. ಇದು 2008ರಲ್ಲಿ ಪ್ರಕಟವಾಯಿತು. ಅದೇ ಪ್ರಭೇದದ ಮರಿಗಳು ಮರಳಿನಲ್ಲಿ ಭಾರವಾದ ಕಬ್ಬಿಣದ ಅಂಶದ ಕಣಗಳನ್ನೇ ಆರಿಸಿ ನುಂಗಿ, ಕರುಳಿನ ಒಂದು ಚೀಲದಲ್ಲಿ ಕೂಡಿಟ್ಟುಕೊಳ್ಳುತ್ತವೆ ಎಂದು 1973ರಲ್ಲೇ ತಿಳಿದುಬಂದಿತ್ತು. ಹಗುರವಾದ ಮರಿ ಅಲೆಗೆ ಕೊಚ್ಚಿಹೋಗದಂತೆ ಈ ಭಾರ ಹಿಡಿದಿಡುತ್ತದೆ. ದೊಡ್ಡದಾಗುತ್ತಿದ್ದಂತೆ ಆ ಕಣಗಳು ಇಲ್ಲವಾಗುತ್ತವೆ.

ಪ್ರಶ್ನೆ: ಲಾಲ್‌ಬಾಗಿನ ಬಂಡೆ ಬಹಳ ಪುರಾತನವಾದದ್ದಂತೆ. ಅಲ್ಲಿ ಇಂಥ ಪ್ರಾಣಿಗಳ ಪಳೆಯುಳಿಕೆ ಸಿಗಬಹುದೇ?
— ಓದುಗರು, ಜಯನಗರ

ಉತ್ತರ: ಸಿಗುವುದಿಲ್ಲ. ಲಾಲ್‌ಬಾಗಿನದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅದು ರೂಪುಗೊಂಡಾಗ ಭೂಮಿಯ ಮೇಲೆ ಪ್ರಾಣಿಗಳೇ ಇರಲಿಲ್ಲ. ಅಲ್ಲದೆ ಭೂಗರ್ಭದ ಶಾಖ ಮತ್ತು ಒತ್ತಡದಲ್ಲಿ ಮಾರ್ಪಟ್ಟ ಇಂಥ ಶಿಲೆ ಪಳೆಯುಳಿಕೆಗೆ ತಕ್ಕ ಜಾಗವೂ ಅಲ್ಲ. ಅರ್ಚಿನ್ ಪಳೆಯುಳಿಕೆ ಬೇಕಾದರೆ ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರವಾಗಿದ್ದ ಕಡೆ ಹುಡುಕಬೇಕು. ಗುಜರಾತಿನ ಕಛ್ ಪ್ರದೇಶದ ಮಯೊಸೀನ್ ಶಿಲೆಗಳಲ್ಲಿ ಕ್ಲೈಪಿಯಾಸ್ಟರ್ ಸೇರಿದಂತೆ ಹಲವು ಅರ್ಚಿನ್‌ಗಳು ಸಿಕ್ಕಿವೆ, 1880ರ ದಶಕದಲ್ಲೇ ಅವುಗಳ ವಿವರಣೆ ಪ್ರಕಟವಾಗಿದೆ. ಕವಚ ಗಟ್ಟಿ, ಒಳಗೆ ಕಂಬಗಳ ಆಸರೆ, ಬದುಕಿರುವಾಗಲೇ ಮರಳಿನಲ್ಲಿ ಹೂತಿರುವ ಅಭ್ಯಾಸ: ಪಳೆಯುಳಿಕೆಯಾಗಿ ಉಳಿಯಲು ಇದಕ್ಕಿಂತ ಅನುಕೂಲ ಬೇಕಿಲ್ಲ.

ಪ್ರಶ್ನೆ: ಜೀವಂತ ಸ್ಯಾಂಡ್ ಡಾಲರನ್ನು ತಂದು ಮನೆಯ ಅಕ್ವೇರಿಯಂನಲ್ಲಿ ಸಾಕಬಹುದೇ? ದಡದಲ್ಲಿ ಸಿಕ್ಕಿದ ಕವಚವನ್ನು ಕೆಡದಂತೆ ಇಡುವುದು ಹೇಗೆ?
— ಓದುಗರು, ಎಚ್‌ಎಸ್‌ಆರ್ ಲೇಔಟ್

ಉತ್ತರ: ದಯವಿಟ್ಟು ಸಾಕಲು ಹೋಗಬೇಡಿ. ಕಂಟಕಚರ್ಮಿಗಳಿಗೆ ಮೈಯೊಳಗಿನ ದ್ರವದ ಉಪ್ಪಿನಂಶವನ್ನು ಹತೋಟಿಯಲ್ಲಿಟ್ಟುಕೊಳ್ಳುವ ಶಕ್ತಿ ಇಲ್ಲ. ತೊಟ್ಟಿಯ ನೀರು ಆವಿಯಾಗಿ ಉಪ್ಪು ಹೆಚ್ಚಾದರೂ, ಸಿಹಿನೀರು ಬೆರೆತು ಕಡಿಮೆಯಾದರೂ ಅದರ ಪೆಟ್ಟು ನೇರವಾಗಿ ಪ್ರಾಣಿಗೆ ತಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಆಹಾರದ್ದು. ಮರಳುಕಣದ ಮೇಲಿನ ಸೂಕ್ಷ್ಮ ಆಹಾರ ಸಣ್ಣ ತೊಟ್ಟಿಯಲ್ಲಿ ಬೇಗ ಮುಗಿದುಹೋಗುತ್ತದೆ, ಹಾಕುವ ಮೀನಿನ ಆಹಾರ ಅದಕ್ಕೆ ಒಗ್ಗುವುದಿಲ್ಲ, ಮರಳಿನಡಿಯಲ್ಲಿ ಪ್ರಾಣಿ ಹಸಿವಿನಿಂದ ಸಾಯುತ್ತಿರುವುದು ಮೇಲಿನಿಂದ ನೋಡುವವರಿಗೆ ಗೊತ್ತೂ ಆಗುವುದಿಲ್ಲ.

ದಡದಲ್ಲಿ ಸಿಕ್ಕಿದ್ದು ಬದುಕಿದೆಯೇ ಇಲ್ಲವೇ ಎಂದು ತಿಳಿಯುವುದು ಕಷ್ಟವಲ್ಲ. ಬಣ್ಣವಿದ್ದು, ಮೈಮೇಲೆ ಮುಳ್ಳುಗಳಿದ್ದರೆ, ಒದ್ದೆ ಅಂಗೈ ಮೇಲೆ ಮಗುಚಿ ಇಟ್ಟುಕೊಂಡು ಕೆಲವು ಕ್ಷಣ ನೋಡಿ. ತಳದ ಮುಳ್ಳುಗಳು ನಿಧಾನವಾಗಿ ಅತ್ತಿತ್ತ ಅಲುಗಾಡುತ್ತಿದ್ದರೆ ಅದಕ್ಕೆ ಜೀವವಿದೆ. ಕೂಡಲೇ ನೀರಿಗೆ ಇಳಿದು, ಬಾಯಿ ಕೆಳಗಾಗುವಂತೆ ಮರಳಿನ ಮೇಲೆ ಬಿಡಿ. ದಡದಿಂದ ಬೀಸಿ ಎಸೆಯಬೇಡಿ, ಅಂಚು ಒಡೆಯುತ್ತದೆ. ಅನುಮಾನವಿದ್ದರೂ ನೀರಿಗೇ ಬಿಡುವುದು ಒಳ್ಳೆಯದು.

ಮುಳ್ಳಿಲ್ಲದ ಬಿಳಿ ಕವಚವಾದರೆ ಸಿಹಿನೀರಿನಲ್ಲಿ ನೆನೆಹಾಕಿ, ನೀರು ತಿಳಿಯಾಗುವವರೆಗೆ ಬದಲಾಯಿಸುತ್ತಾ ಉಪ್ಪನ್ನು ತೆಗೆಯಿರಿ. ಆಮೇಲೆ ನೆರಳಿನಲ್ಲಿ ಒಣಗಿಸಿ. ಬೆಳ್ಳಗಾಗಲಿ ಎಂದು ಬ್ಲೀಚಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಕವಚ ಪುಡಿಪುಡಿಯಾಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಬಿಳಿ ಅಂಟಿಗೆ ಅಷ್ಟೇ ಪ್ರಮಾಣದ ನೀರು ಬೆರೆಸಿ ಮೃದುವಾದ ಕುಂಚದಿಂದ ಸವರಿದರೆ ಗಟ್ಟಿಯಾಗುತ್ತದೆ. ಎಲ್ಲಿ, ಯಾವ ದಿನ ಸಿಕ್ಕಿತು ಎಂದು ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದನ್ನು ಅದರ ಜೊತೆಗೇ ಡಬ್ಬಿಯಲ್ಲಿಡಿ. ಪ್ರಭೇದವನ್ನು ಗುರುತಿಸುವವರು ಮೊದಲು ಕೇಳುವುದು ಅದನ್ನೇ.